ಮುರಿದಿದ್ದು ಬೀಗವಾ, ಚಿಲಕವಾ? ಪೊಲೀಸ್ ತನಿಖೆಯ ಬರವಣಿಗೆ ಬಗ್ಗೆ ಒಂದಿಷ್ಟು

ಒಂದು ಸಣ್ಣ ಊರಿನ ಕಿರಾಣಿ ಅಂಗಡಿಯಲ್ಲಿ ರಾತ್ರಿ ಕಳ್ಳತನ ಆಗಿತ್ತು. ಗಲ್ಲಾಪೆಟ್ಟಿಗೆಯ ದುಡ್ಡು, ಒಂದಷ್ಟು ಸಿಗರೇಟು ಪ್ಯಾಕು, ಒಂದು ತೂಕದ ಮೆಷಿನ್ ಹೋಗಿದ್ದವು. ಆರೋಪಿ ಸಿಕ್ಕ, ಮಾಲೂ ಸಿಕ್ಕಿತು, ಚಾರ್ಜ್‌ಶೀಟ್ ಬಂತು. ಸರ್ಕಾರದ ಪರ ಆ ಕೇಸು ನಡೆಸಿದವನು ನಾನು. ಸ್ಥಳ ಮಹಜರಿನಲ್ಲಿ, ಅಂದರೆ ಪೊಲೀಸರು ಜಾಗಕ್ಕೆ ಹೋಗಿ ಸಾಕ್ಷಿಗಳ ಎದುರು ಕಂಡಿದ್ದನ್ನು ಬರೆಯುವ ಕಾಗದದಲ್ಲಿ, ಒಂದು ಸಾಲು ಹೀಗಿತ್ತು: ‘ಕಳ್ಳರು ಅಂಗಡಿಯ ಬಾಗಿಲಿನ ಬೀಗ ಮುರಿದು ಒಳಪ್ರವೇಶ ಮಾಡಿರುವುದು ಕಂಡುಬಂದಿರುತ್ತದೆ.’

ಪಾಟೀ ಸವಾಲಿನ (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವ) ದಿನ ಆರೋಪಿ ಪರ ವಕೀಲರು ಆ ಬೀಗ ತೋರಿಸಿ ಅಂದರು. ಅರಗಿನ ಮೊಹರು ಒಡೆದು, ಬಟ್ಟೆ ಬಿಚ್ಚಿ ಬೀಗ ಹೊರಗೆ ತೆಗೆದರು. ಅಂಗಡಿಯವರ ಕೀ ಗೊಂಚಲು ಕೇಳಿ ಪಡೆದು ಕೀ ಹಾಕಿದರು. ಒಂದೇ ಸಲಕ್ಕೆ ಬೀಗ ತೆರೆದುಕೊಂಡಿತು. ಮತ್ತೆ ಹಾಕಿದರು, ಮತ್ತೆ ತೆರೆದರು. ‘ಇದು ಮುರಿದ ಬೀಗವಾ?’ ಅಂತ ಕೇಳಿದರು. ಮಹಜರ್ ಮಾಡಿದ ಅಧಿಕಾರಿ ಏನೂ ಹೇಳಲಿಲ್ಲ.

ಆಗಿದ್ದು ಇಷ್ಟೇ. ಬೀಗಕ್ಕೆ ಏನೂ ಆಗಿರಲಿಲ್ಲ. ಚಿಲಕದ ಪಟ್ಟಿಯನ್ನು ಮೀಟಿ, ಬಾಗಿಲ ಚೌಕಟ್ಟಿನಿಂದ ಸ್ಕ್ರೂ ಸಮೇತ ಕಿತ್ತಿದ್ದರು. ಬೀಗ ಚಿಲಕದಲ್ಲೇ ನೇತಾಡುತ್ತಿತ್ತು. ಆ ಅಧಿಕಾರಿ ಅದನ್ನು ಕಣ್ಣಾರೆ ನೋಡಿದ್ದರು. ಸುಳ್ಳು ಬರೆಯುವ ಉದ್ದೇಶವೂ ಅವರಿಗೆ ಇರಲಿಲ್ಲ. ಆದರೆ ಕೈಗೆ ಬಂದ ಸಾಲು ಮಾತ್ರ ‘ಬೀಗ ಮುರಿದು’. ಯಾಕೆಂದರೆ ಅದಕ್ಕೂ ಮುಂಚಿನ ಎಲ್ಲ ಕಳ್ಳತನದ ಮಹಜರುಗಳಲ್ಲೂ ಅದೇ ಸಾಲು ಇತ್ತು. ಆಮೇಲೆ ಆ ಮಹಜರಿನ ಉಳಿದ ಯಾವ ಸಾಲನ್ನೂ ನಂಬಿಸೋದು ನನ್ನಿಂದ ಆಗಲಿಲ್ಲ.

ಹೊಸದಾಗಿ ಬಂದ ಪಿಎಸ್‌ಐಗಳ ಜೊತೆ ಕೂತಾಗಲೆಲ್ಲ ಈ ಬೀಗದ ವಿಷಯ ಹೇಳುತ್ತೇನೆ. ತನಿಖೆಯ ಬರವಣಿಗೆಯಲ್ಲಿ ಮೊದಲು ಕಲಿಯಬೇಕಾದ್ದು ವ್ಯಾಕರಣ ಅಲ್ಲ, ಕಾನೂನಿನ ಕಲಂಗಳೂ ಅಲ್ಲ. ಕಂಡಿದ್ದನ್ನು ಕಂಡ ಹಾಗೆ ಬರೆಯೋದು, ಅದರಿಂದ ಊಹಿಸಿದ್ದನ್ನು ಬೇರೆ ಇಡೋದು. ಕೇಳೋಕೆ ಸುಲಭ. ಠಾಣೆಯಲ್ಲಿ ಕೂತು ಬರೆಯುವಾಗ ಎಷ್ಟು ಕಷ್ಟ ಅನ್ನೋದು ಬರೆದವರಿಗೇ ಗೊತ್ತು.

ಹೊರಗಿನವರಿಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಪೊಲೀಸ್ ವರದಿ ಅಂದರೆ ಒಂದು ಕಾಗದ ಅಲ್ಲ, ಸರಪಳಿ. ಮೊದಲು ದೂರು, ಅದರ ಮೇಲೆ ಎಫ್‌ಐಆರ್. ಆಮೇಲೆ ಸ್ಥಳ ಮಹಜರು, ವಸ್ತು ಸಿಕ್ಕಿದರೆ ಅದನ್ನು ಅಮಾನತ್ತು ಪಡಿಸಿಕೊಂಡ (ವಶಕ್ಕೆ ಪಡೆದ) ಬಗ್ಗೆ ಪಂಚರ, ಅಂದರೆ ಸಾಕ್ಷಿಗಳಾಗಿ ಕರೆಸಿದ ಹೊರಗಿನವರ, ಎದುರು ಬರೆದ ಪಂಚನಾಮೆ, ಸಾಕ್ಷಿಗಳ ಹೇಳಿಕೆ. ಇವೆಲ್ಲದರ ಜೊತೆಗೆ ದಿನದಿನಕ್ಕೆ ಬರೆಯುವ ಕೇಸ್ ಡೈರಿ. ಕೊನೆಯಲ್ಲಿ ಅಂತಿಮ ವರದಿ: ಸಾಕ್ಷ್ಯ ಇದ್ದರೆ ದೋಷಾರೋಪಣ ಪಟ್ಟಿ, ಕೇಸೇ ನಿಲ್ಲುವುದಿಲ್ಲ ಅಂತಾದರೆ ಬಿ ರಿಪೋರ್ಟ್, ಆರೋಪಿ ಪತ್ತೆಯೇ ಆಗದಿದ್ದರೆ ಸಿ ರಿಪೋರ್ಟ್. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ, ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ), ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಿಎಸ್‌ಎ (ಭಾರತೀಯ ಸಾಕ್ಷ್ಯ ಅಧಿನಿಯಮ). ಎಫ್‌ಐಆರ್‌ನ ಕಲಂ 154 ಇದ್ದದ್ದು ಬಿಎನ್‌ಎಸ್‌ಎಸ್‌ನಲ್ಲಿ 173 ಆಯಿತು, ಸಾಕ್ಷಿಗಳ ಹೇಳಿಕೆಯದ್ದು 161 ಇದ್ದದ್ದು 180, ಕೇಸ್ ಡೈರಿಯದ್ದು 172 ಇದ್ದದ್ದು 192, ಅಂತಿಮ ವರದಿಯದ್ದು 173 ಇದ್ದದ್ದು 193. ನಂಬರ್ ಬದಲಾಗಿದೆ, ಬರೆಯೋ ಕೆಲಸದ ಜೀವಾಳ ಬದಲಾಗಿಲ್ಲ.

ಈ ಸರಪಳಿಯನ್ನು ಓದುವವರು ಯಾರು? ಬರೆಯುವಾಗ ಕಣ್ಣೆದುರು ಇರೋದು ಇನ್‌ಸ್ಪೆಕ್ಟರ್ ಸಾಹೇಬರು, ಡಿವೈಎಸ್‌ಪಿ ಸಾಹೇಬರು. ನಿಜವಾಗಿ ಓದುವವರು ಬೇರೆ. ಎರಡು ಮೂರು ವರ್ಷ ಕಳೆದ ಮೇಲೆ, ಆ ಜಾಗವನ್ನು ಯಾವತ್ತೂ ನೋಡದ ನ್ಯಾಯಾಧೀಶರು ಓದುತ್ತಾರೆ. ಪ್ರತಿ ಪದಕ್ಕೂ ಪ್ರಶ್ನೆ ಹುಡುಕುವ ವಕೀಲರು ಓದುತ್ತಾರೆ. ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿ, ನೂರು ಕೇಸು ನೋಡಿ, ಈ ಕೇಸನ್ನು ಪೂರ್ತಿ ಮರೆತು, ಕೋರ್ಟಿನ ಕಾರಿಡಾರಿನಲ್ಲಿ ನಿಂತು ಗಡಿಬಿಡಿಯಲ್ಲಿ ಫೈಲು ತಿರುವಿಹಾಕುವ ಅದೇ ಪಿಎಸ್‌ಐ ಕೂಡ ಓದುತ್ತಾರೆ. ಬರೆಯುವಾಗ ಈ ಮೂವರನ್ನು ಎದುರಿಗೆ ಕೂರಿಸಿಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಈಗ ನಮ್ಮ ಪೊಲೀಸ್ ಕನ್ನಡದ ವಿಷಯಕ್ಕೆ ಬರೋಣ. ಇದರ ಬಗ್ಗೆ ನನಗೆ ಹೇಳೋದು ಜಾಸ್ತಿ ಇದೆ.

ಪೊಲೀಸ್ ಕಾಗದದಲ್ಲಿ ಯಾರೂ ‘ಬಂದ’, ‘ಹೊಡೆದ’ ಅನ್ನುವುದಿಲ್ಲ. ಎಲ್ಲರೂ ‘ಬಂದಿರುತ್ತಾನೆ’, ‘ಹೊಡೆದಿರುತ್ತಾನೆ’. ನಮ್ಮ ಮನೆಮಾತಲ್ಲಿ ‘ಅವನು ಇಷ್ಟೊತ್ತಿಗೆ ಊರಿಗೆ ಹೋಗಿರುತ್ತಾನೆ’ ಅಂದರೆ ಏನರ್ಥ? ಹೋಗಿರಬಹುದು, ನಾನು ನೋಡಿಲ್ಲ, ಅಂದಾಜು ಅಂತ ಅಲ್ವಾ? ಕಣ್ಣಾರೆ ಕಂಡ ಸಾಕ್ಷಿಯ ಬಾಯಲ್ಲಿ ಆ ಕ್ರಿಯಾಪದ ಹಾಕಿದರೆ, ಕಂಡದ್ದು ಊಹೆಯಂತೆ ಕೇಳುತ್ತದೆ. ‘ರಮೇಶ ನನ್ನ ಎಡ ಭುಜಕ್ಕೆ ದೊಣ್ಣೆಯಿಂದ ಹೊಡೆದ’ ಅನ್ನೋದು ಹೇಳಿಕೆ. ‘ಸದರಿ ಆಸಾಮಿಯು ದೊಣ್ಣೆಯಿಂದ ಹಲ್ಲೆ ಮಾಡಿರುತ್ತಾನೆ’ ಅನ್ನೋದು ಯಾರೋ ಕೇಳಿ ಬರೆದ ಹಾಗಿದೆ. ಯಾವ ಕಾನೂನಿನಲ್ಲೂ ‘ಇರುತ್ತಾನೆ’ ಹಾಕಲೇಬೇಕು ಅಂತಿಲ್ಲ. ಹಳೇ ಫೈಲು ನೋಡಿ ಹೊಸ ಫೈಲು ಬರೆದು ಬೆಳೆದ ಅಭ್ಯಾಸ ಅದು.

ಎರಡನೆಯದು ‘ಲಾಯಿತು’. ‘ವಸ್ತುವನ್ನು ಜಪ್ತಿ ಮಾಡಲಾಯಿತು, ಚೀಟಿ ಅಂಟಿಸಲಾಯಿತು, ಠಾಣೆಗೆ ಕಳುಹಿಸಲಾಯಿತು.’ ಯಾರು ಮಾಡಿದರು? ಯಾರು ಅಂಟಿಸಿದರು? ಯಾರ ಕೈಯಲ್ಲಿ ಕಳುಹಿಸಿದಿರಿ? ಕೋರ್ಟಿನಲ್ಲಿ ಕೇಳುವುದು ಇದನ್ನೇ. ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಪ್ರತಿ ಹಂತದಲ್ಲೂ ಒಂದು ಹೆಸರು ಬೇಕು. ‘ಮೊಬೈಲನ್ನು ನಾನು ಕವರಿನಲ್ಲಿ ಹಾಕಿ, ಅಂಟಿಸಿ, ಮೊಹರು ಮಾಡಿ, ಹೆಡ್ ಕಾನ್‌ಸ್ಟೇಬಲ್ ಇಂಥವರ ಕೈಯಲ್ಲಿ ಕೊಟ್ಟು ಠಾಣೆಗೆ ಕಳಿಸಿದೆ’ ಅಂತ ಬರೆದರೆ ಮುಗಿಯಿತು. ‘ನಾನು’ ಅಂತ ಬರೆಯೋಕೆ ಹಿಂಜರಿಕೆ ಬೇಡ. ನೀವೇ ಮಾಡಿದ ಕೆಲಸ ಅದು, ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬೇಕಾದವರೂ ನೀವೇ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಕನ್ನಡದಲ್ಲಿ ‘ಹೋಗಿ, ಬೈದು, ಹೊಡೆದು, ಬೀಳಿಸಿ, ಕಿತ್ತುಕೊಂಡು’ ಅಂತ ಕ್ರಿಯೆಗಳನ್ನು ಪೋಣಿಸಿಕೊಂಡು ಹೋಗಬಹುದು. ಮಾಡಿದವರ ಹೆಸರನ್ನು ಪ್ರತಿ ಸಲ ಹೇಳಬೇಕಿಲ್ಲ. ಕಥೆ ಹೇಳೋಕೆ ಚಂದ, ಆದರೆ ಮೂವರು ಆರೋಪಿಗಳಿರುವ ಕೇಸಿನಲ್ಲಿ ಹೀಗೆ ಬರೆದರೆ ಕೇಸು ಮುಗಿದ ಹಾಗೆ. ಈ ಸಾಲನ್ನು ಕರ್ನಾಟಕದ ಯಾವ ಮೂಲೆಯ ಠಾಣೆಗೆ ಹೋದರೂ ನೋಡಬಹುದು: ‘ಆರೋಪಿತರೆಲ್ಲರೂ ಏಕೋದ್ದೇಶದಿಂದ ಗುಂಪು ಕಟ್ಟಿಕೊಂಡು ಬಂದು ಪಿರ್ಯಾದಿಯನ್ನು ಅಡ್ಡಗಟ್ಟಿ, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಕಾಲಿನಿಂದ ಒದ್ದು, ಪ್ರಾಣ ಬೆದರಿಕೆ ಹಾಕಿರುತ್ತಾರೆ.’

ಒಂದೇ ಸಾಲಿನಲ್ಲಿ ನಾಲ್ಕೈದು ಅಪರಾಧ ಬಂದುಬಿಟ್ಟಿದೆ, ಆದರೆ ಒಂದು ಘಟನೆಯೂ ಕಾಣುವುದಿಲ್ಲ. ಅಡ್ಡಗಟ್ಟಿದ್ದು ಯಾರು? ಹೊಡೆದದ್ದು ಯಾರು, ಎಲ್ಲಿಗೆ, ಎಷ್ಟು ಸಲ? ಒದ್ದಾಗ ಪಿರ್ಯಾದಿ (ದೂರು ಕೊಟ್ಟವನು) ನಿಂತಿದ್ದನಾ, ಬಿದ್ದಿದ್ದನಾ? ಡಾಕ್ಟರ ಗಾಯದ ಸರ್ಟಿಫಿಕೇಟಿನಲ್ಲಿ ಬಲ ಮೊಣಕೈಯಲ್ಲಿ ಒಂದೇ ಒಂದು ತರಚು ಗಾಯ ಇದ್ದರೆ ಈ ಸಾಲಿನ ಯಾವ ಭಾಗಕ್ಕೆ ಅದನ್ನು ಜೋಡಿಸೋದು? ‘ಅವಾಚ್ಯ ಶಬ್ದ’ ಅನ್ನೋದಂತೂ ಬೈಗುಳವೇ ಅಲ್ಲ, ಬೈಗುಳದ ಮೇಲೆ ಹಾಕಿದ ಮುಸುಕು. ಬೇಕೆಂದೇ ಅವಮಾನ ಮಾಡಿ ಕೆರಳಿಸಿದ ಅಂತ ಬಿಎನ್‌ಎಸ್ 352 ಹಾಕುತ್ತೀರಿ, ಆದರೆ ಆಡಿದ ಮಾತನ್ನೇ ಬರೆಯದಿದ್ದರೆ ಕೋರ್ಟು ಏನನ್ನು ತೂಗಬೇಕು? ಜಾತಿ ನಿಂದನೆ ಕೇಸಿನಲ್ಲಿ ಇದು ಇನ್ನೂ ಗಂಭೀರ. ಅಲ್ಲಿ ಆಡಿದ ಮಾತೇ ಅಪರಾಧ. ಬರೆಯೋಕೆ ಮುಜುಗರ ಅಂತ ‘ಜಾತಿ ಹಿಡಿದು ಬೈದಿರುತ್ತಾನೆ’ ಅಂತ ಬಿಟ್ಟರೆ, ಆ ಮಾತಿನಿಂದ ನೊಂದು ಠಾಣೆಯ ಮೆಟ್ಟಿಲು ಹತ್ತಿದವರಿಗೆ ನೀವೇ ಅನ್ಯಾಯ ಮಾಡಿದ ಹಾಗೆ. ಮಾತು ಎಷ್ಟೇ ಕೆಟ್ಟದಿರಲಿ, ಆಡಿದ ಹಾಗೇ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಯಾವ ಜಾಗದಲ್ಲಿ, ಯಾರ ಎದುರಿಗೆ ಆಡಿದ ಅನ್ನೋದನ್ನೂ ಬರೆಯಿರಿ.

ಅದೇ ಜಗಳವನ್ನು ಬಿಡಿಸಿ ಬರೆದರೆ ಹೀಗಿರುತ್ತದೆ: ‘ನಾನು ಹಾಲಿನ ಡೇರಿಯಿಂದ ಸೈಕಲ್‌ನಲ್ಲಿ ಬರುತ್ತಿದ್ದೆ. ಮಾರಮ್ಮನ ಗುಡಿಯ ಹತ್ತಿರ ಆರೋಪಿ 1 ಸೈಕಲ್‌ನ ಹ್ಯಾಂಡಲ್ ಹಿಡಿದು ನಿಲ್ಲಿಸಿದ. ಆರೋಪಿ 2 ನನ್ನ ಕೆನ್ನೆಗೆ ಕೈಯಿಂದ ಎರಡು ಸಲ ಹೊಡೆದ. ನಾನು ಸೈಕಲ್ ಸಮೇತ ಬಲಗಡೆಗೆ ಬಿದ್ದೆ. ಬಲ ಮೊಣಕೈ ತರಚಿತು. ಆರೋಪಿ 3 ಸ್ವಲ್ಪ ದೂರದಲ್ಲಿ ನಿಂತಿದ್ದ, ಅವನು ಹೊಡೆಯಲಿಲ್ಲ.’ ಈಗ ಮೊಣಕೈ ಗಾಯಕ್ಕೆ ಕಾರಣ ಸಿಕ್ಕಿತು. ಮೂರನೆಯವನನ್ನು ಸುಮ್ನೆ ಸೇರಿಸಿದ್ದಾರೆ ಅನ್ನುವ ವಾದಕ್ಕೂ ಜಾಗ ಇಲ್ಲ. ಅವನ ವಿರುದ್ಧ ಏನಿದೆ, ಏನಿಲ್ಲ ಅನ್ನೋದು ನೇರವಾಗಿ ಕಾಣುತ್ತದೆ. ‘ಹೊಡೆಯಲಿಲ್ಲ’ ಅಂತ ಬರೆದರೆ ಕೇಸು ದುರ್ಬಲ ಆಗುತ್ತದೆ ಅಂತ ಕೆಲವರು ಹೆದರುತ್ತಾರೆ. ನಾನು ಕಂಡ ಮಟ್ಟಿಗೆ ಉಲ್ಟಾ. ಆರೋಪಿಗೆ ಅನುಕೂಲ ಆಗುವ ಸತ್ಯವನ್ನೂ ಬರೆದ ಹೇಳಿಕೆಯ ಮೇಲೆ ನಂಬಿಕೆ ಜಾಸ್ತಿ ಬರುತ್ತದೆ.

ಹೇಳಿಕೆಯಲ್ಲಿ ಸಾಕ್ಷಿಯ ಪದವೇ ಇರಬೇಕು. ನಮ್ಮ ರಾಜ್ಯದಲ್ಲಿ ಒಂದೇ ವಸ್ತುವಿಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಊರಿಗೊಂದು ಅರ್ಥ. ಮಂಡ್ಯದ ಕಡೆ ಮಚ್ಚು ಅಂದರೆ ಎಲ್ಲರಿಗೂ ಗೊತ್ತು. ಕರಾವಳಿಯಲ್ಲಿ ಕತ್ತಿ ಅಂದರೆ ಮನೆಮನೆಯಲ್ಲಿ ಸೊಪ್ಪು, ಕಟ್ಟಿಗೆ ಕಡಿಯುವ ಹತಾರ. ಅದೇ ಪದ ಬಯಲುಸೀಮೆಯವರಿಗೆ ರಾಜರ ಕಾಲದ ಖಡ್ಗವನ್ನು ನೆನಪಿಸುತ್ತದೆ. ಸಾಕ್ಷಿ ಹೇಳಿದ್ದನ್ನು ‘ಹರಿತವಾದ ಆಯುಧ’, ‘ಮಾರಕಾಸ್ತ್ರ’ ಅಂತ ಬದಲಾಯಿಸಿದರೆ ಮೂರು ವರ್ಷದ ಮೇಲೆ ಕೋರ್ಟಿನಲ್ಲಿ ಸಾಕ್ಷಿ ಅಜ್ಜಿ ‘ಇಲ್ಲ ಸ್ವಾಮಿ, ಅವನ ಕೈಲಿ ಕುಡುಗೋಲಿತ್ತು’ ಅನ್ನುತ್ತಾರೆ. ಸತ್ಯ ಹೇಳಿದ ಅಜ್ಜಿಯೇ ಹೇಳಿಕೆಗೆ ವಿರುದ್ಧ ನುಡಿದಂತಾಗುತ್ತದೆ. ಸಾಕ್ಷಿಯ ಪದ ಬರೆದು, ವಸ್ತು ಹೇಗಿತ್ತು, ಹಿಡಿ ಎಷ್ಟುದ್ದ, ಅಲಗು ನೇರವಾ ಬಾಗಿದೆಯಾ ಅಂತ ಕೇಳಿ ಸೇರಿಸಿ. ಅಷ್ಟೇ ಸಾಕು.

ಕಾನೂನೂ ಇದನ್ನೇ ಹೇಳುತ್ತದೆ. ಬಿಎನ್‌ಎಸ್‌ಎಸ್ 180ರ ಪ್ರಕಾರ ಹೇಳಿಕೆಯನ್ನು ಬರೆದುಕೊಳ್ಳುವುದಾದರೆ ಪ್ರತಿಯೊಬ್ಬರದ್ದನ್ನೂ ಪ್ರತ್ಯೇಕವಾಗಿ, ಅವರು ಹೇಳಿದಂತೆ ನಿಜವಾಗಿ ಬರೆಯಬೇಕು. ಐದು ಸಾಕ್ಷಿಗಳ ಹೇಳಿಕೆ ಅಕ್ಷರಕ್ಕೆ ಅಕ್ಷರ ಒಂದೇ ಇದ್ದು, ಮೇಲಿನ ಹೆಸರು, ವಯಸ್ಸು ಮಾತ್ರ ಬೇರೆ ಆಗಿದ್ದರೆ, ಅದು ಒಬ್ಬರ ಹೇಳಿಕೆಯ ಐದು ನಕಲು. ಒಬ್ಬ ಗುಡಿಯ ಕಟ್ಟೆಯ ಮೇಲೆ ಕೂತಿದ್ದ, ಇನ್ನೊಬ್ಬಳು ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. ಇಬ್ಬರೂ ಒಂದೇ ಕೋನದಿಂದ ಒಂದೇ ದೃಶ್ಯ ನೋಡೋಕೆ ಹೇಗೆ ಸಾಧ್ಯ? ಅವಳಿಗೆ ಮೊದಲು ಕೇಳಿದ್ದು ಕೂಗು, ತಿರುಗಿ ನೋಡಿದಾಗ ಪಿರ್ಯಾದಿ ಆಗಲೇ ಕೆಳಗೆ ಬಿದ್ದಿದ್ದ. ಅಷ್ಟನ್ನೇ ಬರೆಯಿರಿ. ಈ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಬಾರದು ಅನ್ನೋದನ್ನೂ ನೆನಪಿಡಿ. ಅದು 181ರಲ್ಲಿದೆ. ಕೋರ್ಟಿನಲ್ಲಿ ಸಾಕ್ಷಿ ಬೇರೆ ಮಾತು ಹೇಳಿದರೆ ಅದನ್ನು ಎತ್ತಿ ತೋರಿಸೋಕೆ ಈ ಹೇಳಿಕೆ ಬಳಸುತ್ತಾರೆ. ಮುಖ್ಯವಾದ ವಿಷಯವನ್ನು ಹೇಳಿಕೆಯಲ್ಲಿ ಬಿಟ್ಟಿದ್ದರೆ ಆ ಬಿಟ್ಟದ್ದೂ ವಿರೋಧಾಭಾಸ ಅನ್ನಿಸಿಕೊಳ್ಳಬಹುದು. 1959ರ ತಹಸೀಲ್ದಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಚರ್ಚಿಸಿದೆ, ಇಂದಿಗೂ ವಕೀಲರು ಅದನ್ನೇ ಎತ್ತುತ್ತಾರೆ. ಹಾಗಾಗಿ ಸಾಕ್ಷಿ ಹೇಳಿದ್ದು ನಿಮಗೆ ಸಣ್ಣದು ಅನ್ನಿಸಿದರೂ ಬಿಡಬೇಡಿ.

ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಣ್ಣ ವಿಷಯ ಬೆಳಕು. ರಾತ್ರಿ ಒಂಬತ್ತೂವರೆಗೆ ನಡೆದ ಘಟನೆ, ‘ಆರೋಪಿಯನ್ನು ನೋಡಿದೆ’ ಅಂತ ಸಾಕ್ಷಿ. ಯಾವ ಬೆಳಕಿನಲ್ಲಿ? ಬೀದಿದೀಪ ಉರಿಯುತ್ತಿತ್ತಾ, ಎಷ್ಟು ದೂರದಲ್ಲಿ? ಕರೆಂಟ್ ಇತ್ತಾ? ಬೈಕಿನ ಹೆಡ್‌ಲೈಟಾ? ಮಹಜರಿನಲ್ಲಿ ಕಂಬದ ಸುದ್ದಿಯೇ ಇಲ್ಲದೆ, ಹೇಳಿಕೆಯಲ್ಲಿ ಬೆಳಕಿನ ಮಾತೇ ಇಲ್ಲದೆ, ನನ್ನ ಎದುರಿಗೇ ಒಳ್ಳೊಳ್ಳೆಯ ಸಾಕ್ಷಿಗಳು ಬಿದ್ದುಹೋಗಿದ್ದಾರೆ. ಆರೋಪಿ ಯಾರು ಅಂತ ಗೊತ್ತಿಲ್ಲದ ಕೇಸಿನಲ್ಲಂತೂ ಮೊದಲ ದಿನವೇ ಚಹರೆ ಬರೆಯಬೇಕು. ಎತ್ತರ ಅಂದಾಜು ಎಷ್ಟು, ಯಾವ ಬಣ್ಣದ ಶರ್ಟು, ಯಾವ ಭಾಷೆ ಮಾತಾಡಿದ, ಮುಖದ ಮೇಲೆ ಮಚ್ಚೆ, ಗಾಯದ ಗುರುತು ಏನಾದರೂ ಇತ್ತಾ. ಮೊದಲ ದಿನ ‘ಅಪರಿಚಿತ’ ಅಂತ ಒಂದೇ ಪದ ಬರೆದು, ತಿಂಗಳಾದ ಮೇಲೆ ಗುರುತು ಹಿಡಿಸಿದರೆ ಯಾರು ನಂಬುತ್ತಾರೆ?

ದೂರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಬಾಯಿಮಾತಲ್ಲಿ ಹೇಳಿದರೆ ಬರೆದು, ಓದಿ ಹೇಳಿ, ಸಹಿ ಪಡೆದು, ನಕಲನ್ನು ಪುಕ್ಕಟೆ ಕೊಡಬೇಕು. ಎಫ್‌ಐಆರ್‌ನಲ್ಲಿ ಎಲ್ಲವೂ ಇರಬೇಕಿಲ್ಲ. ಆದರೆ ತಡವಾಗಿದ್ದರೆ ಯಾಕೆ ಅನ್ನೋದು ಅದರಲ್ಲೇ ಇರಬೇಕು. ‘ತಡವಾಗಿ ಬಂದು ದೂರು ನೀಡಿರುತ್ತೇನೆ’ ಅಂತ ಬರೆದರೆ ಕಾರಣ ಹೇಳಿದಂತೆ ಆಗುವುದಿಲ್ಲ. ‘ಗಂಡನನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ, ನೋಡಿಕೊಳ್ಳೋಕೆ ಬೇರೆ ಯಾರೂ ಇರಲಿಲ್ಲ, ಇವತ್ತು ತಮ್ಮ ಬಂದ ಮೇಲೆ ಠಾಣೆಗೆ ಬಂದೆ’ ಅಂದರೆ ಅದು ಕಾರಣ.

ಮಹಜರಿಗೆ ಬರೋಣ. ಜಮೀನಿನ ಪತ್ರದ ಹಾಗೆ ನಮ್ಮ ಮಹಜರಿನಲ್ಲೂ ಚೆಕ್ಕುಬಂದಿ ಬರೆಯುವ ರೂಢಿ ಇದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಹೀಗೆ. ಒಳ್ಳೆಯ ರೂಢಿ. ಆದರೆ ಚೆಕ್ಕುಬಂದಿ ಜಾಗ ಎಲ್ಲಿದೆ ಅಂತ ಮಾತ್ರ ಹೇಳುತ್ತದೆ, ಜಾಗದಲ್ಲಿ ಏನಿತ್ತು ಅಂತ ಹೇಳುವುದಿಲ್ಲ. ರಕ್ತದ ಕಲೆ ಇದ್ದರೆ ಅಲ್ಲಾಡದ ಎರಡು ಗುರುತುಗಳಿಂದ ಅಳೆಯಿರಿ. ವಿದ್ಯುತ್ ಕಂಬದಿಂದ ಇಷ್ಟು ಅಡಿ, ಗುಡಿಯ ಮೆಟ್ಟಿಲಿನಿಂದ ಇಷ್ಟು ಅಡಿ. ಒಂದೇ ಗುರುತಿನಿಂದ ಅಳೆದರೆ ಕಲೆ ಯಾವ ದಿಕ್ಕಿನಲ್ಲಾದರೂ ಇರಬಹುದು. ಎರಡರಿಂದ ಅಳೆದು, ಯಾವ ಮಗ್ಗುಲಿಗೆ ಅಂತ ನಕಾಶೆಯಲ್ಲಿ ತೋರಿಸಿದರೆ ಜಾಗ ನಿಂತುಬಿಡುತ್ತದೆ. ಟೇಪು ಹಿಡಿದು ಅಳೆದರೆ ಅಳತೆ ಅಂತ, ಹೆಜ್ಜೆ ಹಾಕಿ ನೋಡಿದರೆ ಅಂದಾಜು ಅಂತ ಬರೆಯಿರಿ. ನಕಾಶೆಯಲ್ಲೂ ಮಹಜರಿನಲ್ಲೂ ಒಂದೇ ಸಂಖ್ಯೆ ಇದೆಯಾ ಅಂತ ಸಹಿಗೆ ಮೊದಲು ತಾಳೆ ನೋಡಿ.

ನಮ್ಮ ಬೀಗವನ್ನು ಹೀಗೆ ಬರೆಯಬಹುದಿತ್ತು: ‘ಮುಂಬಾಗಿಲು ಮರದ್ದು, ಎರಡು ಕದ. ಚಿಲಕದ ಕಬ್ಬಿಣದ ಪಟ್ಟಿ ಚೌಕಟ್ಟಿನಿಂದ ಕಿತ್ತು ಬಂದಿದೆ. ಪಟ್ಟಿಯ ಮೇಲ್ತುದಿ ಹೊರಕ್ಕೆ ಬಾಗಿದೆ. ಎರಡು ಸ್ಕ್ರೂ ಹೊಸ್ತಿಲ ಬಳಿ ನೆಲದ ಮೇಲೆ ಬಿದ್ದಿವೆ. ಸ್ಕ್ರೂ ಇದ್ದ ಜಾಗದಲ್ಲಿ ಮರ ಸೀಳಿದೆ. ಬೀಗ ಹಾಕಿದ ಸ್ಥಿತಿಯಲ್ಲೇ ಚಿಲಕದಲ್ಲಿ ನೇತಾಡುತ್ತಿದೆ, ಬೀಗಕ್ಕೆ ಜಖಂ ಕಾಣುವುದಿಲ್ಲ.’ ಇದರಲ್ಲಿ ‘ಕಳ್ಳರು’ ಅನ್ನುವ ಪದವೇ ಇಲ್ಲ ನೋಡಿ. ಮಹಜರು ಬರೆಯುವ ಹೊತ್ತಿಗೆ ಕಳ್ಳರನ್ನು ಅಲ್ಲಿ ಯಾರೂ ಕಂಡಿರಲಿಲ್ಲವಲ್ಲ. ಆದರೆ ಓದಿದ ಯಾರಿಗಾದರೂ ಏನಾಗಿದೆ ಅಂತ ಗೊತ್ತಾಗುತ್ತದೆ. ಮುಂದೆ ಆರೋಪಿಯಿಂದ ಕಬ್ಬಿಣದ ಸಲಾಕೆ ಸಿಕ್ಕಿದರೆ, ಆ ಬಾಗಿದ ಪಟ್ಟಿಗೂ ಸಲಾಕೆಗೂ ಸಂಬಂಧ ಹುಡುಕೋಕೆ ಎಫ್‌ಎಸ್‌ಎಲ್‌ನವರಿಗೂ (ವಿಧಿವಿಜ್ಞಾನ ಪ್ರಯೋಗಾಲಯದವರಿಗೂ) ಒಂದು ದಾರಿ ಇರುತ್ತದೆ.

ಅಪಘಾತದ ಕೇಸುಗಳಲ್ಲಿ ‘ಬೀಗ ಮುರಿದು’ವಿನ ಅಣ್ಣ ಒಬ್ಬ ಇದ್ದಾನೆ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’. 1998ರಲ್ಲಿ ಕರ್ನಾಟಕದ್ದೇ ಒಂದು ಲಾರಿ ಅಪಘಾತದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ‘ಅತಿವೇಗ’ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು, ಅಷ್ಟು ಮಾತ್ರದಿಂದ ಅಜಾಗರೂಕತೆ ಸಾಬೀತಾಗುವುದಿಲ್ಲ, ಅತಿವೇಗ ಅಂದರೆ ಎಷ್ಟು ಅಂತ ಸಾಕ್ಷಿಗಳಲ್ಲಿ ಒಬ್ಬರೂ ಅಂದಾಜಿಗೂ ಹೇಳಿರಲಿಲ್ಲ. ಆರೋಪಿಯ ಬಿಡುಗಡೆ ಹಾಗೇ ಉಳಿಯಿತು. ಹಾಗಾದರೆ ಏನು ಬರೆಯಬೇಕು? ರಸ್ತೆ ಎಷ್ಟು ಅಗಲ, ಡಾಂಬರಾ ಮಣ್ಣಾ, ತಿರುವು ಇತ್ತಾ, ಬ್ರೇಕ್ ಹಾಕಿದ ಟೈರಿನ ಗುರುತು ಎಲ್ಲಿಂದ ಎಲ್ಲಿಗೆ ಎಷ್ಟು ಅಡಿ, ಗಾಜಿನ ಚೂರು ರಸ್ತೆಯ ಯಾವ ಮಗ್ಗುಲಲ್ಲಿ ಬಿದ್ದಿತ್ತು, ಎರಡೂ ವಾಹನ ಯಾವ ಕಡೆಗೆ ಮುಖ ಮಾಡಿ ನಿಂತಿದ್ದವು. ಮಳೆ ಬಂದರೆ, ಜನ ವಾಹನ ಸರಿಸಿದರೆ ಇವೆಲ್ಲ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತವೆ. ಇದೇ ಮಹಜರಿನ ನಕಲು ಹಿಡಿದುಕೊಂಡು, ಮನೆಯ ದುಡಿಯುವ ಕೈ ಕಳೆದುಕೊಂಡ ಹೆಣ್ಣುಮಗಳೊಬ್ಬಳು ಪರಿಹಾರಕ್ಕಾಗಿ ಟ್ರಿಬ್ಯೂನಲ್‌ಗೆ ಹೋಗುತ್ತಾಳೆ. ಇನ್ಶೂರೆನ್ಸ್ ಕಂಪನಿಯ ವಕೀಲರು ಅದನ್ನೇ ಸಾಲು ಸಾಲಾಗಿ ಓದುತ್ತಾರೆ. ಅವಸರದಲ್ಲಿ ತಪ್ಪಿದ ಒಂದು ದಿಕ್ಕು, ಎಡ ಅನ್ನೋದು ಬಲ ಆದ ಒಂದು ಪದ ಆ ಮನೆಯ ಅನ್ನಕ್ಕೆ ಕುತ್ತು ತರಬಹುದು. ಈ ಮಾತು ಹೇಳುವಾಗ ಪ್ರತಿ ಸಲವೂ ನನಗೆ ಸಂಕಟ ಆಗುತ್ತದೆ.

ಇನ್ನು ಆರೋಪಿ ತೋರಿಸಿಕೊಟ್ಟ ವಸ್ತುವಿನ ಮಹಜರು. ನಮ್ಮಲ್ಲಿ ಇದಕ್ಕೆ ‘ಸ್ವಇಚ್ಛಾ ಹೇಳಿಕೆ’ ಅಂತ ಎರಡು ಮೂರು ಪುಟ ಬರೆಯುತ್ತಾರೆ. ಹುಟ್ಟಿದ್ದು ಎಲ್ಲಿ, ಓದಿದ್ದು ಎಷ್ಟು, ಕೊಲೆ ಹೇಗೆ ಮಾಡಿದೆ, ಎಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆ ಹೇಳಿಕೆಯಿಂದ ಹೊಸದಾಗಿ ಏನು ಪತ್ತೆಯಾಯಿತೋ, ಅದಕ್ಕೆ ನೇರವಾಗಿ ಸಂಬಂಧಿಸಿದ ಮಾತು ಮಾತ್ರ ಉಳಿಯುತ್ತದೆ. ಹಿಂದೆ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಈಗ ಬಿಎಸ್‌ಎ 23ರಲ್ಲಿ ಸೇರಿದೆ. ಆದ್ದರಿಂದ ಉಳಿಯುವ ಆ ಒಂದೆರಡು ವಾಕ್ಯ ಆರೋಪಿಯ ಬಾಯಿಂದ ಬಂದ ಹಾಗೇ ಇರಬೇಕು. 2022ರಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದರ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿತು. ಮೊದಲು ಇಬ್ಬರು ಸ್ವತಂತ್ರ ಪಂಚರನ್ನು ಠಾಣೆಗೆ ಕರೆಸಿ. ಆರೋಪಿ ಅವರ ಎದುರಿಗೆ, ತನ್ನದೇ ಮಾತಿನಲ್ಲಿ ಹೇಳಲಿ. ಆ ಮಾತನ್ನು ಇದ್ದ ಹಾಗೇ ಪಂಚನಾಮೆಯ ಮೊದಲ ಭಾಗದಲ್ಲಿ ಬರೆಯಿರಿ. ಆಮೇಲೆ ಆರೋಪಿ, ಪಂಚರು ಎಲ್ಲರೂ ಜಾಗಕ್ಕೆ ಹೋಗಿ, ಸಿಕ್ಕಿದ್ದನ್ನು ಎರಡನೇ ಭಾಗದಲ್ಲಿ ಬರೆಯಿರಿ. ಆ ಕೇಸಿನಲ್ಲಿ ಈ ಕ್ರಮ ಪಾಲಿಸಿರಲಿಲ್ಲ, ಆರೋಪಿಗೆ ಬಿಡುಗಡೆ ಆಯಿತು. ‘ನನ್ನನ್ನು ಕರೆದುಕೊಂಡು ಹೋದಲ್ಲಿ ಆಯುಧವನ್ನು ತೋರಿಸಿಕೊಡುತ್ತೇನೆ’ ಅನ್ನುವ ಸಾಲು ಎಲ್ಲ ಫೈಲಿನಲ್ಲೂ ಇರುತ್ತದೆ. ಎಲ್ಲಿ, ಯಾರು ಇಟ್ಟದ್ದು ಅನ್ನೋದು ಮಾತ್ರ ಇರುವುದಿಲ್ಲ. ‘ಮನೆ ಹಿಂದಿನ ತಿಪ್ಪೆ ಪಕ್ಕ ಕಲ್ಲುರಾಶಿ ಕೆಳಗೆ ನಾನೇ ಇಟ್ಟೀನಿ’ ಅಂತ ಅವನು ಹೇಳಿದ್ದರೆ ಅದನ್ನೇ ಬರೆಯಿರಿ, ‘ಇಟ್ಟಿರುತ್ತೇನೆ’ ಅಂತ ತಿದ್ದಬೇಡಿ.

ಗಂಟೆ ನಿಮಿಷದ ಬಗ್ಗೆ ಒಂದು ಎಚ್ಚರಿಕೆ. ಮಹಜರು ಬೆಳಿಗ್ಗೆ 10-30ಕ್ಕೆ ಶುರು, ಎಫ್‌ಐಆರ್ ದಾಖಲಾಗಿದ್ದು 11ಕ್ಕೆ, ಆದರೆ ಮಹಜರಿನ ತಲೆಯಲ್ಲಿ ಆಗಲೇ ಮೊಕದ್ದಮೆ ಸಂಖ್ಯೆ ಇದೆ! ಆಮೇಲೆ ತುಂಬಿದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ತುಂಬಿದರೆ ತಪ್ಪಲ್ಲ, ಆಮೇಲೆ ತುಂಬಿದ್ದು ಅಂತ ಸಮಯ ಹಾಕಿ ಸಹಿ ಮಾಡಿದರೆ ಆಯಿತು. ಈಗಂತೂ ಬಿಎನ್‌ಎಸ್‌ಎಸ್ 105ರ ಪ್ರಕಾರ ಶೋಧನೆ, ಜಪ್ತಿ, ಪಟ್ಟಿ ಮಾಡಿ ಪಂಚರ ಸಹಿ ಪಡೆಯೋದು ಎಲ್ಲವನ್ನೂ ವಿಡಿಯೊ ಮಾಡಬೇಕು. ವಿಡಿಯೊದಲ್ಲಿ ಸಂಜೆಯ ನೆರಳು ಬಿದ್ದಿದ್ದು, ಕಾಗದದಲ್ಲಿ ಮಧ್ಯಾಹ್ನ ಹನ್ನೆರಡು ಅಂತಿದ್ದರೆ ಎರಡೂ ಹೋಗುತ್ತವೆ. ಹಳೇ ಮಹಜರಿನ ಫೈಲು ತೆರೆದು ಹೆಸರು ಬದಲಾಯಿಸುವ ಅಭ್ಯಾಸವೂ ಇಷ್ಟೇ ಅಪಾಯ. ಹಳೇ ಊರಿನ ಹೆಸರು ಎರಡನೇ ಪುಟದಲ್ಲಿ ಉಳಿದುಕೊಂಡದ್ದನ್ನು ನಾನೇ ನೋಡಿದ್ದೇನೆ.

ಸಿಸಿಟಿವಿ, ಮೊಬೈಲ್ ಬಂದ ಮೇಲೆ ಬರೆಯುವ ಕೆಲಸ ಹೆಚ್ಚಾಗಿದೆ. ಮೊಬೈಲಾದರೆ ಕಂಪನಿ, ಮಾಡೆಲ್, ಬಣ್ಣ, 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಸಿಮ್ ಇತ್ತಾ, ಆನ್ ಆಗಿತ್ತಾ ಆಫ್ ಆಗಿತ್ತಾ, ಗಾಜು ಒಡೆದಿತ್ತಾ. ಸಿಸಿಟಿವಿಯಾದರೆ ಎಲ್ಲರೂ ಮರೆಯೋದು ಒಂದು: ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಾಗುವ ಪೆಟ್ಟಿಗೆ) ತೋರಿಸುತ್ತಿರುವ ಸಮಯವನ್ನು ನಿಮ್ಮ ಫೋನಿನ ಸಮಯದ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಬರೆಯಿರಿ. ಎಷ್ಟೋ ಅಂಗಡಿಗಳ ಡಿವಿಆರ್ ಗಡಿಯಾರ ತಪ್ಪಾಗಿ ಓಡುತ್ತಿರುತ್ತದೆ. ‘ಡಿವಿಆರ್ 17 ನಿಮಿಷ ಮುಂದಿದೆ’ ಅನ್ನುವ ಒಂದು ಸಾಲು ಇದ್ದರೆ ಕಾಲ್ ರೆಕಾರ್ಡಿಗೂ ವಿಡಿಯೊಗೂ ತಾಳೆ ಆಗುತ್ತದೆ. ಇಲ್ಲದಿದ್ದರೆ ಆರೋಪಿ ಒಂದೇ ಹೊತ್ತಿಗೆ ಎರಡು ಕಡೆ ಇದ್ದ ಹಾಗೆ ಕಾಣುತ್ತಾನೆ. ನಕಲು ಮಾಡಿಕೊಂಡಾಗ ಹ್ಯಾಶ್ ವ್ಯಾಲ್ಯೂ (ಫೈಲು ಬದಲಾಗಿದೆಯಾ ಅಂತ ತಿಳಿಸುವ ಗುರುತು) ಬರೆದು, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಬಿಎಸ್‌ಎ 63ರ ಸರ್ಟಿಫಿಕೇಟನ್ನು ಆಗಲೇ ಪಡೆಯಿರಿ. ಎಲೆಕ್ಟ್ರಾನಿಕ್ ಸಾಧನ ಯಾರ ಯಾರ ಕೈ ದಾಟಿ ಬಂತು ಅನ್ನೋದನ್ನು ಅಂತಿಮ ವರದಿಯಲ್ಲೇ ಹೇಳಬೇಕು ಅಂತ ಈಗ 193ರಲ್ಲಿ ಸೇರಿಸಿದ್ದಾರೆ.

ಕೇಸ್ ಡೈರಿಯನ್ನು ದಿನವೂ ಬರೆಯಿರಿ. ಮಾಹಿತಿ ಬಂದ ಸಮಯ, ತನಿಖೆ ಶುರು ಮಾಡಿದ್ದು, ಮುಗಿಸಿದ್ದು, ಹೋದ ಜಾಗ, ಗೊತ್ತಾದ ವಿಷಯ. 192 ಇವನ್ನೆಲ್ಲ ಕೇಳುತ್ತದೆ. ಅದು ಪುಟ ಸಂಖ್ಯೆ ಹಾಕಿದ ಸಂಪುಟವಾಗಿರಬೇಕು ಅಂತಲೂ ಹೇಳುತ್ತದೆ. ಒಬ್ಬರನ್ನು ಅನುಮಾನಿಸಿ ವಿಚಾರಿಸಿ ಬಿಟ್ಟಿದ್ದರೆ ಯಾಕೆ ಬಿಟ್ಟಿರಿ ಅನ್ನೋದನ್ನೂ ಬರೆಯಿರಿ. ವಾರದ್ದನ್ನು ಒಟ್ಟಿಗೆ ಕೂತು ಬರೆದ ಡೈರಿ ನೋಡಿದ ತಕ್ಷಣ ಗೊತ್ತಾಗುತ್ತದೆ, ಶಾಯಿ ಒಂದೇ, ಕೈಬರಹದ ಸುಸ್ತೂ ಒಂದೇ.

ಆರೋಪಿ ಜೈಲಿನಲ್ಲಿದ್ದಾಗ ದೋಷಾರೋಪಣ ಪಟ್ಟಿಗೆ ಕೇಸಿನ ಪ್ರಕಾರ 60 ಅಥವಾ 90 ದಿನದ ಗಡುವು, ತಪ್ಪಿದರೆ ಅವನಿಗೆ ಜಾಮೀನಿನ ಹಕ್ಕು; ಆ ಗಡುವಿನ ಹಿಂದಿನ ರಾತ್ರಿ ಪಟ್ಟಿ ಬರೆಯಬೇಡಿ ಅಂತ ಬೇಡಿಕೊಳ್ಳುತ್ತೇನೆ. ಮೊದಲ ವಾರದಿಂದಲೇ ಒಂದು ಹಾಳೆ ಇಟ್ಟುಕೊಳ್ಳಿ. ಎಡಗಡೆ ಕಲಮಿನ ಒಂದೊಂದು ಅಂಶ, ಬಲಗಡೆ ಅದನ್ನು ಹೇಳುವ ಸಾಕ್ಷಿ ಅಥವಾ ಕಾಗದ. ಬಿಎನ್‌ಎಸ್ 331(4) ಹಾಕಿದ್ದೀರಿ, ಅಂದರೆ ರಾತ್ರಿ ಮನೆ ಅಥವಾ ಅಂಗಡಿ ಒಡೆದು ನುಗ್ಗಿದ ಆರೋಪ. ರಾತ್ರಿ ಅಂತ ಯಾರು ಹೇಳುತ್ತಾರೆ? ಅಂಗಡಿಯವರು ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ, ಬೆಳಿಗ್ಗೆ ಆರಕ್ಕೆ ಬಂದು ನೋಡಿದರು. ಚಳಿಗಾಲದ ಆರು ಗಂಟೆ, ಇನ್ನೂ ಬೆಳಕು ಹರಿದಿರಲಿಲ್ಲ. ನುಗ್ಗಿದ್ದನ್ನು ಯಾವುದು ಹೇಳುತ್ತದೆ? ಚಿಲಕದ ಪಟ್ಟಿ. ಬಲಗಡೆ ಖಾಲಿ ಉಳಿದ ಜಾಗವೇ ನಿಮ್ಮ ನಾಳೆಯ ತನಿಖೆ. ಬಿ ರಿಪೋರ್ಟ್ ಬರೆಯುವಾಗಲೂ ಇದೇ ಹಾಳೆ ಬೇಕು. ‘ಸಾಕ್ಷ್ಯಾಧಾರ ಕಂಡುಬಂದಿರುವುದಿಲ್ಲ’ ಅನ್ನುವ ಒಂದು ಸಾಲು ಓದಿ ಪಿರ್ಯಾದಿ ಸುಮ್ಮನಿರಬೇಕು ಅಂದರೆ ಹೇಗೆ? ಯಾರನ್ನು ಕೇಳಿದಿರಿ, ಎಲ್ಲಿ ಹುಡುಕಿದಿರಿ, ಏನು ಸಿಗಲಿಲ್ಲ ಅಂತ ತಿಳಿಯುವ ಹಕ್ಕು ಅವರಿಗಿದೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ತಿಳಿಸಬೇಕು ಅಂತ ಹೊಸ ಕಾನೂನೂ ಹೇಳುತ್ತದೆ.

ಕೊನೆಯದಾಗಿ, ಸಹಿಗೆ ಮೊದಲು ಪಂಚರಿಗೆ ಜೋರಾಗಿ ಓದಿ ಹೇಳಿ. ಖಾಲಿ ಹಾಳೆಗೆ ಸಹಿ ತೆಗೆದುಕೊಳ್ಳೋದು, ಠಾಣೆಯ ಪಕ್ಕದ ಟೀ ಅಂಗಡಿಯವರನ್ನೇ ಪ್ರತಿ ಸಲ ಪಂಚರನ್ನಾಗಿ ಮಾಡೋದು ಬೇಡ. ನನ್ನ ಹತ್ತಿರ ಕಲಿತ ಒಬ್ಬ ಹುಡುಗಿ ಈಗ ಪಿಎಸ್‌ಐ. ಒಂದು ಮಹಜರಿನ ನಕಲು ತಂದು ತೋರಿಸಿದಳು. ಅದರಲ್ಲಿ ‘ಬೀರುವಿನ ಎಡ ಬಾಗಿಲು’ ಅಂತ ಬರೆದು, ‘ಎಡ’ದ ಮೇಲೆ ಒಂದೇ ಗೆರೆ ಎಳೆದು, ಮೇಲೆ ‘ಬಲ’ ಅಂತ ಬರೆದು, ಪಕ್ಕದಲ್ಲಿ ಅವಳ ಸಹಿ, ಇಬ್ಬರು ಪಂಚರ ಸಹಿ. ವೈಟ್ನರ್ ಇಲ್ಲ, ಗೀಚಿ ಮುಚ್ಚಿದ್ದಿಲ್ಲ, ಮೊದಲು ಏನು ಬರೆದಿತ್ತು ಅನ್ನೋದೂ ಓದಬಹುದು. ಏನಾಯಿತಮ್ಮ ಅಂತ ಕೇಳಿದೆ. ‘ಓದಿ ಹೇಳುವಾಗ ಪಂಚರೊಬ್ಬರು ತಡೆದರು ಸಾರ್. ಬೀರುವಿಗೆ ಎದುರು ನಿಂತರೆ ಅದು ಬಲ ಅಲ್ವೇನಮ್ಮ ಅಂದರು. ನಾನು ಮತ್ತೆ ಒಳಗೆ ಹೋಗಿ, ಎದುರು ನಿಂತು ನೋಡಿ ಬಂದೆ’ ಅಂದಳು.